ಅಪ್ಪೆಹುಳಿ ಬಂದೋಬಸ್ತು

ದೇವು ನಾಯ್ಕ ಪತ್ತೇದಾರನಾಗಲು ಹೊರಟದ್ದು ಕಳ್ಳರನ್ನು ಹಿಡಿಯುವುದಕ್ಕಲ್ಲ, ಫ್ಯಾನಿನ ಕೆಳಗೆ ಕೂರುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ಅವನ ಸಾಹಸ ಓದಿ ಯಾರಾದರೂ ಪದಕಕ್ಕೆ ಶಿಫಾರಸು ಮಾಡಿದರೆ ಆ ಪಾಪ ನನ್ನ ತಲೆಗೆ ಬರುತ್ತದೆ.

ಕುಮಟಾ ಸೀಮೆಯ ಯಾವ ಠಾಣೆಯ ಹೆಡ್ ಕಾನ್ಸ್‌ಟೇಬಲ್ ಅವನು ಎಂಬುದನ್ನು ಹೇಳಲಾರೆ. ನನಗೂ ಆ ಕಡೆ ಓಡಾಡಲಿಕ್ಕಿದೆ. ಹೆದ್ದಾರಿಯ ಸರ್ಕಲ್ಲಿನಲ್ಲಿ ನಿಂತು ಲಾರಿ, ಬಸ್ಸು, ದನಗಳಿಗೆ ದಾರಿ ತೋರಿಸುವುದು ಅವನ ಕೆಲಸವಾಗಿತ್ತು. ರಸ್ತೆ ಅಗಲ ಮಾಡುವಾಗ ಅಲ್ಲಿದ್ದ ಮರಗಳೆಲ್ಲ ಹೋದವು. ಉಳಿದದ್ದು ದೇವುವಿನ ನೆರಳೊಂದೇ, ಅದೂ ಮಧ್ಯಾಹ್ನವಾದೊಡನೆ ಅವನ ಬೂಟಿನ ಅಡಿಗೆ ಹೋಗಿ ಅಡಗುತ್ತಿತ್ತು. ಬಿಸಿಲಿಗೆ ಹೆದರಿ ಅವನು ಹಣೆಗೆ ಟೊಪ್ಪಿ, ಕಣ್ಣಿಗೆ ಕಪ್ಪು ಕನ್ನಡಕ, ಮೂಗಿನಿಂದ ಕೆಳಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಹೀಗಾಗಿ ದಿನಾ ಸಾವಿರಾರು ಜನ ನೋಡುವ ಅವನ ಮುಖವನ್ನು ಪೂರ್ತಿಯಾಗಿ ನೋಡಿದವರು ಹೆಂಡತಿ ಮಾಲತಿ ಮತ್ತು ಕ್ಷೌರದವನು, ಇಬ್ಬರೇ.

ಠಾಣೆಯ ಅಪರಾಧ ವಿಭಾಗದಲ್ಲಿದ್ದ ವಿಶ್ವನಾಥನಿಗೆ ಕಾರವಾರಕ್ಕೆ ವರ್ಗವಾಯಿತು. ಅವನು ಬಿಟ್ಟುಹೋದ ಕುರ್ಚಿ ಠಾಣೆಯ ಒಂದೇ ಒಂದು ಸರಿಯಾಗಿ ತಿರುಗುವ ಫ್ಯಾನಿನ ನೇರ ಕೆಳಗಿತ್ತು. ಕರೆಂಟು ಹೋದರೆ ಅದೂ ನಿಲ್ಲುತ್ತಿತ್ತು ನಿಜ, ಇನ್ವರ್ಟರ್ ಸತ್ತು ಬಹಳ ಕಾಲವಾಗಿತ್ತು. ಆದರೂ ಸರ್ಕಲ್ಲಿನ ಬಿಸಿಲಿನ ಮುಂದೆ ನಿಂತ ಫ್ಯಾನು ಕೂಡ ತಂಪಾಗಿಯೇ ಕಾಣುತ್ತದೆ.

ದೇವು ಅರ್ಜಿ ಹಾಕಿದ. ಸುದ್ದಿ ಕೇಳಿ ಮಾಲತಿ, "ಫ್ಯಾನಿನ ಬುಡಕ್ಕೆ ಕೂರೂಕೆ ಮನೆ ಇಲ್ವಾ? ಪಗಾರ ಕೊಟ್ಟು ಯಾರಾರೂ ಗಾಳಿ ಹಾಕ್ತ್ರಾ?" ಎಂದಳು.

ಗದಗ ಕಡೆಯಿಂದ ಹೊಸದಾಗಿ ಬಂದಿದ್ದ ಪಿಎಸ್ಐ ಚಂದನಾ ಮೇಡಂ ಅರ್ಜಿ ಓದಿ, ದೇವುವನ್ನು ಮೇಲಿನಿಂದ ಕೆಳಗೆ ನೋಡಿದರು. ಆಗ ಊರಿಗೆಲ್ಲ ಒಂದೇ ಕೇಸು: ಇನ್ವರ್ಟರ್ ಬ್ಯಾಟರಿ ಕಳ್ಳತನ. ಒಬ್ಬ ಆಸಾಮಿ ಮನೆಗೆ ಫೋನು ಮಾಡುತ್ತಿದ್ದ, 'ಕಂಪನಿಯಿಂದ ಪುಕ್ಕಟೆ ಸರ್ವಿಸು' ಎನ್ನುತ್ತಿದ್ದ. ನೀಲಿ ಅಂಗಿ ತೊಟ್ಟು ಬಂದು ಬ್ಯಾಟರಿಗೆ ನೀರು ಹಾಕಿದ ಹಾಗೆ ಮಾಡಿ, ತಲೆ ಅಲ್ಲಾಡಿಸಿ, 'ಇದು ವರ್ಕ್‌ಶಾಪಿಗೆ ಹೋಗಬೇಕು' ಎಂದು ಹಸಿರು ಸ್ಕೂಟರಿನಲ್ಲಿ ಹೊತ್ತು ಹೋಗುತ್ತಿದ್ದ. ಚಿನ್ನ ಹೋದವರು ಅತ್ತು ಸುಮ್ಮನಾಗುತ್ತಾರೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಬ್ಯಾಟರಿ ಹೋದವರು ಮಾತ್ರ ದಿನಾ ಠಾಣೆಗೆ ಬಂದು ಕೂರುತ್ತಿದ್ದರು, ಬೀಸಣಿಗೆ ಸಮೇತ.

"ಇವನನ್ನ ಹಿಡೀರಿ, ಆ ಕುರ್ಚಿ ನಿಮ್ದು. ಹಿಡೀಲಿಲ್ಲಾಂದ್ರ ನಾಳೆಯಿಂದ ಮತ್ತ ಸರ್ಕಲ್," ಎಂದರು ಮೇಡಂ.

ಅಂದೇ ಬೆಳಿಗ್ಗೆ ಮಿರ್ಜಾನ ಕಡೆಯಿಂದ ಸುಬ್ಬಲಕ್ಷ್ಮಿ ಹೆಗಡೆ ಎಂಬವರ ಫೋನು ಬಂದಿತ್ತು. ಬ್ಯಾಟರಿಯವನು ಮಧ್ಯಾಹ್ನ ತಮ್ಮ ಮನೆಗೆ ಬರುತ್ತೇನೆ ಎಂದಿದ್ದಾನಂತೆ. ಮೇಡಂ ಅವರಿಗೆ ಧೈರ್ಯ ಹೇಳಿದ್ದರು: "ನಮ್ಮವರೊಬ್ಬರು ಮಫ್ತಿಯಲ್ಲಿ ಬರ್ತಾರಮ್ಮ. ನಿಮಗೂ ಗುರುತು ಸಿಗೋದಿಲ್ಲ."

ಆ ಮಾತನ್ನು ದೇವು ಅಕ್ಷರಶಃ ನಡೆಸಿಕೊಟ್ಟ.

ಮಫ್ತಿ ಎಂದರೆ ಉಳಿದ ಪೊಲೀಸರಿಗೆ ಖಾಕಿ ಬಿಚ್ಚಿ ಚೌಕಳಿ ಅಂಗಿ ಹಾಕುವುದು. ದೇವು ಹಾಗಲ್ಲ, ಆಲೋಚನೆ ಮಾಡಿದ. ಆಲೋಚನೆ ಮಾಡುವುದು ಅವನಿಗೆ ರೂಢಿ ಇರಲಿಲ್ಲವಾದ್ದರಿಂದ ಅದು ಒಮ್ಮೆ ಶುರುವಾದ ಮೇಲೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಕಳ್ಳ ಬರುವ ಮನೆಯಲ್ಲಿ ಪೊಲೀಸನ ಹಾಗೆ ಕೂತರೆ ಕಳ್ಳ ಓಡುತ್ತಾನೆ. ನೆಂಟನ ಹಾಗೆ ಕೂತರೂ ಅನುಮಾನ ಪಡುತ್ತಾನೆ. ಆದರೆ ಇನ್ನೊಬ್ಬ ಬ್ಯಾಟರಿಯವನನ್ನು ಕಂಡರೆ? ತನ್ನವನೇ ಎಂದು ಹತ್ತಿರ ಬಂದು ಮಾತಾಡಿಸುತ್ತಾನೆ. ಇಷ್ಟು ಹೊಳೆದದ್ದೇ ದೇವು ಪೇಟೆಗೆ ಹೋಗಿ ಒಂದು ನೀಲಿ ಅಂಗಿ ಕೊಂಡ, ಒಂದು ಕ್ಯಾನು ಬ್ಯಾಟರಿ ನೀರು ಕೊಂಡ. ಪತ್ತೇದಾರನ ಬಳಿ ಗುರುತಿನ ಚೀಟಿ ಇರಬಾರದೆಂದು ಅದನ್ನು ಠಾಣೆಯಲ್ಲಿ ಬಿಟ್ಟ. ಪತ್ತೇದಾರನ ಫೋನು ರಿಂಗಾಗಬಾರದೆಂದು ಅದನ್ನೂ ಬಂದ್ ಮಾಡಿದ. ಈ ಏರ್ಪಾಡು ಮೇಡಮ್ಮಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮಿರ್ಜಾನದ ಬಸ್ಸಿಳಿದು ಹೆಗಡೆಯವರ ಮನೆ ಮುಟ್ಟುವಷ್ಟರಲ್ಲಿ ನೀಲಿ ಅಂಗಿ ಬೆವರಿಗೆ ಕಪ್ಪಾಗಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ಮಹಾಗಣಪತಿ ಹೆಗಡೆಯವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ ಮೇಲೆ ಅವರು ಮತ್ತು ಸುಬ್ಬಲಕ್ಷ್ಮಿ ಇಬ್ಬರೂ ಮಧ್ಯಾಹ್ನದ ಹೊತ್ತು ಮನೆಯೊಳಗೆ ಇರುವುದನ್ನೇ ಬಿಟ್ಟು ಜಗಲಿಯ ಫ್ಯಾನಿನ ಕೆಳಗೆ ಸಂಸಾರ ಮಾಡುತ್ತಿದ್ದರು. ಆ ಫ್ಯಾನು ಕರೆಂಟು ಹೋದರೂ ಇನ್ವರ್ಟರಿನಲ್ಲಿ ತಿರುಗುತ್ತಿತ್ತು.

ದೇವು ಗೇಟು ತೆಗೆದು, ಹೊಸ ಪತ್ತೇದಾರನಿಗೆ ಒಪ್ಪುವ ಗುಪ್ತ ದನಿಯಲ್ಲಿ, "ಬ್ಯಾಟರಿ ವಿಷಯಕ್ಕೆ ಬಂದವ. ಗೊತ್ತಾತಲ್ಲ?" ಎಂದು ಒಂದು ಕಣ್ಣು ಮಿಟುಕಿಸಿದ.

ಸುಬ್ಬಲಕ್ಷ್ಮಿಯವರಿಗೆ ಗೊತ್ತಾಯಿತು. ನೀಲಿ ಅಂಗಿ, ನೀರಿನ ಕ್ಯಾನು, ಅದರ ಮೇಲೆ ಹೆಂಗಸರಿಗೆ ಕಣ್ಣು ಬೇರೆ ಮಿಟುಕಿಸುತ್ತಾನೆ.

"ಬನ್ನಿ ಬನ್ನಿ. ಈ ಬಿಸಿಲಿಗೆ ಬಂದ್ರಲ್ಲ. ಆಸರಿಗೆ ತರ್ತೆ, ಕೂತ್ಕಳಿ," ಎಂದು ನಗುತ್ತ ಹೇಳಿ ಒಳಗೆ ಹೋದರು. ಬಾಯಾರಿಕೆಗೆ ಕೊಡುವುದನ್ನು ಆ ಮನೆಗಳಲ್ಲಿ ಆಸರಿ ಎನ್ನುತ್ತಾರೆ. ಬಂದವನು ನೆಂಟನಾಗಲಿ, ಲೈನ್‌ಮನ್ನಾಗಲಿ, ಕಳ್ಳನಾಗಲಿ, ಆಸರಿ ಕೇಳದೆ ಇದ್ದರೆ ಮನೆಯ ಮರ್ಯಾದೆ ಹೋಗುತ್ತದೆ.

ಹಿಂದೆಯೇ ಬಂದ ಹೆಗಡೆಯವರು ಬಾಗಿಲು ಮುಂದೆ ಮಾಡಿಕೊಂಡರು. "ಅವ್ನೇಯಾ? ಎಂತ ಮಾಡವು ಈಗ? ಪೊಲೀಸ್ರು ಇನ್ನೂ ಬಂಜ್ವಿಲ್ಲೆ."

"ಸುಮ್ಮಂಗಿರಿ. ಎರಡು ಲೋಟ ಅಪ್ಪೆಹುಳಿ ಕೊಡ್ತಿ. ಕುಡದ್ಮೇಲೆ ಅವ ಎಲ್ಲಿಗೂ ಹೋಗ್ತ್ನಿಲ್ಲೆ."

ಅಪ್ಪೆಹುಳಿಯ ಬಗ್ಗೆ ತಿಳಿಯದವರಿಗೆ ಒಂದು ಮಾತು. ಹುಳಿ ಮಾವಿನಕಾಯಿ ಬೇಯಿಸಿ, ಹಿಂಡಿ, ನೀರು ಬೆರೆಸಿ, ಉಪ್ಪು ಹಾಕಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟರೆ ಅದು ಅಪ್ಪೆಹುಳಿ. ನೋಡಲು ಬಡಪಾಯಿ ನೀರಿನ ಹಾಗಿರುತ್ತದೆ. ಒಂದು ಲೋಟ ಕುಡಿದರೆ ಸೆಕೆ ಹೋಗುತ್ತದೆ, ಎರಡನೆಯದಕ್ಕೆ ಚಿಂತೆ ಹೋಗುತ್ತದೆ, ಮೂರನೆಯದಕ್ಕೆ ಕುಡಿದವನೇ ಹೋಗುತ್ತಾನೆ, ಸಂಜೆಯ ಚಹದ ಹೊತ್ತಿಗೆ ವಾಪಸು ಬರುತ್ತಾನೆ. ಇದು ಎಲ್ಲರೂ ಬಲ್ಲ ಸಂಗತಿ. ದೇವುವಿಗೂ ಗೊತ್ತಿತ್ತು. ಆದರೆ ಇಡೀ ಬೇಸಿಗೆ ಸರ್ಕಲ್ಲಿನಲ್ಲಿ ನಿಂತವನ ಮುಂದೆ ತಣ್ಣನೆಯ ತಂಬಿಗೆ ಬಂದಾಗ ಗೊತ್ತಿದ್ದದ್ದೆಲ್ಲ ನೆನಪಿರುವುದಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು ಕುಡಿದ, ಮತ್ತೆ ಕಣ್ಣು ತೆರೆಯಲೇ ಇಲ್ಲ.

ಗೊರಕೆ ಶುರುವಾದದ್ದೇ ಹೆಗಡೆಯವರು ಬಾವಿಯ ಹಗ್ಗ ಬಿಚ್ಚಿಕೊಂಡು ಬಂದರು. ಪಕ್ಕದ ಮನೆಯ ಹೊನ್ನಮ್ಮ ಗಂಟು ಹಾಕಲು ನೆರವಾದಳು. ಕೈ ಎರಡನ್ನೂ ಸೇರಿಸಿ ಕಟ್ಟಿ, ಸೊಂಟಕ್ಕೆ ಎರಡು ಸುತ್ತು ಹಾಕಿದ ಮೇಲೂ ಹಗ್ಗ ಬೇಕಷ್ಟು ಉಳಿಯಿತು.

ಹೊನ್ನಮ್ಮ ಬಗ್ಗಿ ನೋಡಿ, "ಅಕ್ಕಾ, ಈ ಮೋರೆ ನಾ ಎಲ್ಲೋ ಕಂಡಿದೆ. ಅರ್ಧ ಕಂಡಿದೆ," ಎಂದಳು.

"ಪೇಪರಿನಲ್ಲಿ ಬಂದಿರಬೇಕು. ದೊಡ್ಡ ಕಳ್ಳನೇ ಇರಬೇಕು," ಎಂದರು ಹೆಗಡೆಯವರು.

ಸುಬ್ಬಲಕ್ಷ್ಮಿ ಠಾಣೆಗೆ ಫೋನು ಹಚ್ಚಿದರು. "ಮೇಡಂ, ಕಳ್ಳ ಸಿಕ್ಕಿದ್ದಾನೆ. ಮಲಗಿಸಿದ್ದೇವೆ."

ಜೀಪು ಹೊನ್ನಾವರದಲ್ಲಿ ಯಾರದೋ ಬಂದೋಬಸ್ತಿಗೆ ಹೋಗಿತ್ತು. ಮೇಡಂ, "ಹೆದರಬ್ಯಾಡ್ರಿ, ಜೀಪು ಬಂದ ಕೂಡಲೇ ಹೊರಡ್ತೀನಿ. ನಮ್ಮವರು ಅಲ್ಲೇ ಇದ್ದಾರ, ಅವರೇ ನೋಡ್ಕೋತಾರ," ಎಂದರು.

'ನಮ್ಮವರು ಅಲ್ಲೇ ಇದ್ದಾರೆ.' ಸುಬ್ಬಲಕ್ಷ್ಮಿ ಫೋನು ಇಟ್ಟು ಸುತ್ತ ನೋಡಿದರು. ಸರಿಯಾಗಿ ಅದೇ ಹೊತ್ತಿಗೆ ಗೇಟಿನ ಬಳಿ ಒಬ್ಬ ನಿಂತಿದ್ದ. ಗಿಡ್ಡ ಕ್ರಾಪು, ಇಸ್ತ್ರಿಯ ಅಂಗಿ, ಪ್ಯಾಂಟಿನೊಳಗೆ ಸೇರಿಸಿ ಬೆಲ್ಟು, ಕಂದು ಬೂಟು. ನೀಲಿ ಅಂಗಿಯ ಸುದ್ದಿ ಊರೆಲ್ಲ ಹಬ್ಬಿದೆಯೆಂದು ತಿಳಿದು ಬ್ಯಾಟರಿ ಕಳ್ಳ ಭಾಸ್ಕರ ಅಂದೇ ತನ್ನ ವೇಷ ಬದಲಾಯಿಸಿದ್ದ.

ಅವನು ಬಾಯಿ ತೆರೆಯುವ ಮುಂಚೆ ಸುಬ್ಬಲಕ್ಷ್ಮಿ, "ಬಂದ್ರಾ ಸಾಹೇಬ್ರೆ? ನಿಮ್ಮನ್ನೇ ಕಾಯ್ತಾ ಇದ್ದೇವೆ. ಬ್ಯಾಟರಿ ಕಳ್ಳನನ್ನ ಕಟ್ಟಿ ಹಾಕಿದ್ದೇವೆ. ನಿಮ್ಮ ಮೇಡಂ ಈಗ ಹೊರಡ್ತಾರಂತೆ," ಎಂದರು.

ಭಾಸ್ಕರ ಜಗಲಿ ನೋಡಿದ. ನೀಲಿ ಅಂಗಿಯವನೊಬ್ಬ ಹಗ್ಗ ಸುತ್ತಿಸಿಕೊಂಡು ಬಿದ್ದಿದ್ದ. ಓಡಬೇಕೆಂದು ಹಿಂದೆ ತಿರುಗಿದರೆ ಗೇಟಿನಲ್ಲಿ ಆಗಲೇ ಸುದ್ದಿ ಮುಟ್ಟಿಸಿ ಬಂದ ಹೊನ್ನಮ್ಮ, ಅವಳ ಹಿಂದೆ 'ಎಂತ ಆತು, ಎಂತ ಆತು' ಎನ್ನುತ್ತ ಸೇರಿದ ಅರ್ಧ ಕೇರಿ. ಬೇರೆ ಉಪಾಯ ಕಾಣದೆ ಅವನು ಎದೆ ಸ್ವಲ್ಪ ಮುಂದೆ ಮಾಡಿ, "ಹ್ಞೂಂ," ಎಂದ. ಪೊಲೀಸರು ಹಾಗೆ ಅನ್ನುವುದನ್ನು ಅವನು ಸಾಕಷ್ಟು ಸಲ ಕೇಳಿದ್ದ.

ಈ ಗಲಾಟೆಗೆ ದೇವುವಿಗೆ ಅರ್ಧ ಎಚ್ಚರವಾಯಿತು. ಕೈ ಕಟ್ಟಿದೆ, ನಾಲಿಗೆ ದಪ್ಪವಾಗಿದೆ, ಜನ ಸುತ್ತ ನಿಂತಿದ್ದಾರೆ. ಎಲ್ಲರೂ ಬೂಟಿನ ಮನುಷ್ಯನೊಬ್ಬನನ್ನು 'ಸಾಹೇಬ್ರೆ, ಸಾಹೇಬ್ರೆ' ಎನ್ನುತ್ತಿದ್ದಾರೆ. ಯಾರಿವರು? ಠಾಣೆಯವರಲ್ಲ. ಹಾಗಾದರೆ ಕಾರವಾರದಿಂದ ಎಸ್ಪಿಯವರೇ ಕಳಿಸಿದ ವಿಶೇಷ ತಂಡದವರು. ತನ್ನನ್ನು ಪರೀಕ್ಷೆ ಮಾಡಲು ಬಂದಿದ್ದಾರೆ. ದೇವು ಗಡಬಡಿಸಿ ಎದ್ದು ಕೂತ. ಕಟ್ಟಿದ ಕೈ ಎರಡನ್ನೂ ಒಟ್ಟಿಗೆ ಹಣೆಗೆ ಒಯ್ದು ಸೆಲ್ಯೂಟು ಹೊಡೆದ.

"ಸರ್, ಹೆಡ್ ಕಾನ್ಸ್‌ಟೇಬಲ್ ದೇವು ನಾಯ್ಕ. ಮಫ್ತಿ ಡ್ಯೂಟಿ ಸರ್."

"ಕಳ್ಳನ ಸೊಕ್ಕು ನೋಡಿ. ಪೊಲೀಸಂತೆ," ಎಂದರು ಹೆಗಡೆಯವರು.

ನಿಜವನ್ನು ನಂಬಿದವನು ಅಲ್ಲಿ ಒಬ್ಬನೇ, ಭಾಸ್ಕರ. ಅವನ ಇಸ್ತ್ರಿಯ ಅಂಗಿ ಬೆನ್ನಿಗಂಟಿತು. ಜನರನ್ನು ಆಚೆ ಸರಿಸಿ, ದೇವುವಿನ ಪಕ್ಕ ಕೂತು, ಮೆಲ್ಲಗೆ, "ಈ ಕೇಸಿನಲ್ಲಿ ನಿಂಗೆ ಎಂತೆಂತ ಗೊತ್ತುಂಟು, ಹೇಳು," ಎಂದ.

ಮೇಲಧಿಕಾರಿಯೊಬ್ಬರು ದೇವುವಿನ ಅಭಿಪ್ರಾಯ ಕೇಳಿದ್ದು ಅವನ ನೌಕರಿಯಲ್ಲೇ ಮೊದಲ ಸಲ. ಒಂದನ್ನೂ ಬಿಡದೆ ಒಪ್ಪಿಸಿದ: ಕಳ್ಳ ಮೊದಲು ಮುರ್ಡೇಶ್ವರ ಕಡೆಯ ಬ್ಯಾಟರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನೆಂಬ ಗುಮಾನಿ ಇದೆ, ಹೆಸರು ಸಿಕ್ಕಿಲ್ಲ, ಮಾಲು ಕಾಯ್ಕಿಣಿಯ ಹತ್ತಿರ ಎಲ್ಲೋ ಇಟ್ಟಿರಬೇಕು, ಸ್ಕೂಟರ್ ಹಸಿರು.

ಹಾಗೆನ್ನುತ್ತ ದೇವುವಿನ ಕಣ್ಣು ಗೇಟಿನಾಚೆ ಹೋಯಿತು. "ಸರ್, ನಿಮ್ದೂ ಹಸಿರೇ ಅಲ್ದಾ?"

ಭಾಸ್ಕರ ಓಡಲು ಮತ್ತೆ ಗೇಟಿನ ಕಡೆ ನೋಡಿದ.

"ಅಬ್ಬಾ, ಎಂತ ತಲೆ ಸರ್ ನಿಮ್ದು," ಎಂದ ದೇವು. "ನಾ ಅಂಗಿಗೆ ಮಾತ್ರ ವೇಷ ಹಾಕ್ದೆ. ನೀವು ಸ್ಕೂಟರಿಗೂ ಹಾಕಿದ್ರಿ. ಈ ಕೇಸು ಹಿಡಿದ್ರೆ ನಂಗೆ ಫ್ಯಾನಿನ ಬುಡದ ಕುರ್ಚಿ ಕೊಡ್ತ್ರಂತೆ ಸರ್. ಇಲ್ಲಾಂದ್ರೆ ಮತ್ತೆ ಸರ್ಕಲ್ಲು. ನೀವೇ ಒಂದ್ ಮಾತು ಹೇಳ್ಬೇಕು. ಹಗ್ಗ ಬಿಚ್ಚೂಕೆ ಹೇಳ್ಲಾ ಸರ್?"

"ಬೇಡ. ಕಳ್ಳ ಬಂದ್ರೆ ಅನುಮಾನ ಬರಬಾರದು. ಕಟ್ಟಿಸಿಕೊಂಡೇ ಇರು."

ಇದು ದೇವುವಿಗೆ ಬಹಳ ಹಿಡಿಸಿತು. ಭಾಸ್ಕರ ಎದ್ದು, ಪೊಲೀಸ್ ದನಿಯಲ್ಲಿ, ಬ್ಯಾಟರಿ ಸಾಕ್ಷಿಗೆ ಬೇಕು, ತಾನೇ ಒಯ್ಯುತ್ತೇನೆ ಎಂದ. ಎದ್ದವನು ಬರಿಗೈಯಲ್ಲಿ ಹೋಗಿದ್ದರೆ ಬದುಕುತ್ತಿದ್ದನೋ ಏನೋ, ಕಸುಬು ಬಿಡಲಿಲ್ಲ. ಸುಬ್ಬಲಕ್ಷ್ಮಿಯವರ ಕೈಯಲ್ಲಿ ಆಗಲೇ ತಂಬಿಗೆ ಇತ್ತು.

"ಬ್ಯಾಟರಿ ಎಲ್ಲಿಗೂ ಹೋಗುದಿಲ್ಲ. ಆಸರಿ ಕುಡೀದೆ ಈ ಮನೆಯಿಂದ ಯಾರೂ ಹೋದದ್ದಿಲ್ಲ. ಕಳ್ಳನಿಗೇ ಎರಡು ಲೋಟ ಕೊಟ್ಟಿದ್ದೇನೆ, ನಿಮಗೆ ನಾಕಾದ್ರೂ ಕೊಡಬೇಡ್ವಾ?"

ಹೆದರಿಕೆಗೆ ಬಾಯಿ ಒಣಗಿದ್ದವನು ಒಂದು ಲೋಟ ಗಟಗಟ ಕುಡಿದ. ಅಲ್ಲಿಗೆ ಅವನ ಕಥೆ ಮುಗಿಯಿತು ಎನ್ನಬಹುದು. ಎರಡನೆಯದಕ್ಕೆ ಕೂತ. ಮೂರನೆಯದಕ್ಕೆ ಸುಬ್ಬಲಕ್ಷ್ಮಿ ತಲೆದಿಂಬು ತಂದಿಟ್ಟರು. ಪಾಪ, ಪೊಲೀಸರಿಗೆ ರಾತ್ರಿ ಹಗಲೆನ್ನದೆ ದುಡಿತ ಎಂದು ಮರುಗಿ ನಾಲ್ಕನೆಯದನ್ನೂ ಕುಡಿಸಿದರು. ಅಷ್ಟರಲ್ಲಿ ಊರಿನ ಕರೆಂಟು ಹೋಯಿತು. ಇನ್ವರ್ಟರ್ ಕುಂಯ್ ಎಂದಿತು. ತಾನು ಕದಿಯಲು ಬಂದ ಬ್ಯಾಟರಿಯ ಗಾಳಿಯಲ್ಲಿ ಭಾಸ್ಕರ ಹಾಯಾಗಿ ನಿದ್ದೆಹೋದ.

ಹೆಗಡೆಯವರಿಗೆ ಚಿಂತೆ ಹತ್ತಿತು. ಸಾಹೇಬರು ಮಲಗಿದಾಗ ಕಳ್ಳ ಓಡಿದರೆ? ಅವರು ಹಗ್ಗದ ಉಳಿದ ತುದಿಯನ್ನು ತಂದು ಸಾಹೇಬರ ಸೊಂಟದ ಬೆಲ್ಟಿಗೆ ಕ್ಯಾಷಿಯರನ ಜಾಗ್ರತೆಯಲ್ಲಿ ಮೂರು ಗಂಟು ಹಾಕಿ ಬಿಗಿದರು. ದೇವು ಅದನ್ನು ಕಂಡು, "ಒಳ್ಳೇದಾತು ಹೆಗಡೇರೆ. ಗಲಾಟೆ ಮಾಡ್ಬೇಡಿ, ಸಾಹೇಬ್ರು ಮಲಗಿದ್ರು," ಎಂದು ಪಿಸುಗುಟ್ಟಿ, ತಾನೂ ಮಗ್ಗುಲಾದ.

ಕರೆಂಟು ಬರಲಿಲ್ಲ. ಬ್ಯಾಟರಿಯೂ ಎಷ್ಟು ಹೊತ್ತು ಎಳೆದೀತು? ಫ್ಯಾನು ನಿಧಾನವಾಗಿ, ನಾಲ್ಕು ಸಲ ಕರಕರ ಎಂದು ನಿಂತಿತು. ಸೆಕೆ ಬಂದು ಮೈಮೇಲೆ ಕೂತಿತು. ಭಾಸ್ಕರ ಕಣ್ಣು ಬಿಟ್ಟಾಗ ಎದುರಿಗೆ ಗೇಟು, ಗೇಟಿನಲ್ಲಿ ಪೊಲೀಸ್ ಜೀಪು, ಜೀಪಿನಿಂದ ಇಳಿಯುತ್ತಿರುವ ಚಂದನಾ ಮೇಡಂ.

ಅವನು ಎದ್ದು ಓಡಿದ. ಹಗ್ಗದ ಇನ್ನೊಂದು ತುದಿಯಲ್ಲಿ ದೇವು ನಾಯ್ಕನೂ ಹೊರಟ. ಜಗಲಿಯಿಂದ ಮೆಟ್ಟಿಲು, ಮೆಟ್ಟಿಲಿನಿಂದ ಅಂಗಳ, ಎಲ್ಲ ಕಡೆಯೂ ಬೆನ್ನಿನ ಮೇಲೆಯೇ ಹೋದ. ದೇವುವಿನ ತೂಕ ಇಲಾಖೆ ಅನುಮತಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು. ಆ ಹೆಚ್ಚಿನ ತೂಕ ಇಷ್ಟು ವರ್ಷಕ್ಕೆ ಸರಕಾರದ ಉಪಯೋಗಕ್ಕೆ ಬಂತು. ಹಗ್ಗ ಜಗ್ಗಿ ಭಾಸ್ಕರ ನೇರ ಹೋಗಲಾಗದೆ ತುಳಸಿಕಟ್ಟೆಯ ಸುತ್ತ ತಿರುಗಿದ, ಇನ್ನೊಂದು ಸುತ್ತು ತಿರುಗಿದ, ಮೂರನೆಯ ಪ್ರದಕ್ಷಿಣೆಗೆ ಕಟ್ಟೆಗೇ ಅಂಟಿಕೊಂಡು ನಿಂತ.

ಮೇಡಂ ತುಳಸಿಕಟ್ಟೆಗೆ ಸುತ್ತಿಕೊಂಡವನನ್ನು ನೋಡಿ, "ಇವರ್ಯಾರಮ್ಮ?" ಎಂದು ಕೇಳಿದರು.

"ನಿಮ್ಮವರೇ ಅಲ್ವಾ? ಮಫ್ತಿಯಲ್ಲಿ ಬಂದ ಸಾಹೇಬ್ರು," ಎಂದರು ಸುಬ್ಬಲಕ್ಷ್ಮಿ.

"ನಮ್ಮವರು ಹಗ್ಗದ ಆ ತುದಿಯಲ್ಲಿದ್ದಾರ."

ಎಲ್ಲರೂ ಹಗ್ಗದ ಉದ್ದಕ್ಕೂ ಕಣ್ಣು ಹಾಯಿಸಿ, ನೆಲದಲ್ಲಿ ಮಣ್ಣಾಗಿ ಬಿದ್ದಿದ್ದ ದೇವುವಿನಲ್ಲಿಗೆ ಬಂದರು. ಹೊನ್ನಮ್ಮ ತನ್ನ ಸೆರಗನ್ನು ಅವನ ಮೂಗಿನ ಕೆಳಗೆ ಅಡ್ಡ ಹಿಡಿದು ನೋಡಿದಳು. "ಅಯ್ಯ, ಸರ್ಕಲ್ ಪೊಲೀಸ್ರು," ಎಂದಳು.

ದೇವು ತಲೆ ಎತ್ತಿ, "ಮೇಡಂ, ನಂದು ಇರ್ಲಿ. ಸಾಹೇಬ್ರಿಗೆ ಪೆಟ್ಟಾತಾ ನೋಡಿ," ಎಂದ.

ಸುಬ್ಬಲಕ್ಷ್ಮಿಯವರಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಹಗ್ಗ ಬಿಚ್ಚುತ್ತ ಬಿಚ್ಚುತ್ತ ಹತ್ತು ಸಲ ತಪ್ಪಾಯಿತು ಎಂದರು, ಪ್ರಾಯಶ್ಚಿತ್ತಕ್ಕೆ ಒಂದು ಲೋಟ ಆಸರಿ ತರಲೇ ಎಂದರು. ದೇವು ಬೇಡ ಎಂದು ಕೈಮುಗಿದ.

ಮೇಡಂ ಇಬ್ಬರನ್ನೂ, ನೀರಿನ ಕ್ಯಾನನ್ನೂ ಜೀಪಿಗೆ ಹತ್ತಿಸಿ ಠಾಣೆಗೆ ತಂದರು. ಭಾಸ್ಕರ ಎಲ್ಲ ಒಪ್ಪಿಕೊಂಡ. ಕಾಯ್ಕಿಣಿಯ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ಬ್ಯಾಟರಿಗಳೆಲ್ಲ ಸಾಲಾಗಿ ಸಿಕ್ಕವು. ಪೇಪರಿನವರು ಫೋನು ಮಾಡಿದರು. ಕುರ್ಚಿಯ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಮನೆಗೆ ಹೋದರೆ ಮಾಲತಿ ಅವನ ಬೆನ್ನಿಗೆ ಎಣ್ಣೆ ಹಚ್ಚುತ್ತ, "ಕುರ್ಚಿ ಸಿಕ್ರೂ ಈ ಬೆನ್ನಲ್ಲಿ ಹ್ಯಾಂಗೆ ಒರಗ್ತ್ರಿ?" ಎಂದಳು. ದೇವುವಿಗೆ ಅಳು ಬರುವಷ್ಟಾಗಿತ್ತು. ಕಳ್ಳನಿಗೇ ಸೆಲ್ಯೂಟು ಹೊಡೆದವನಿಗೆ ಇಲಾಖೆ ಕುರ್ಚಿ ಕೊಡುತ್ತದೆಯೇ?

ಮರುದಿನ ಮಧ್ಯಾಹ್ನದ ಮೇಲೆ ಭಾಸ್ಕರನನ್ನು ಕೋರ್ಟಿಗೆ ಒಯ್ಯಬೇಕಿತ್ತು. ಬೆಳಿಗ್ಗೆ ಲಾಕಪ್ಪಿನ ಸರಳಿನಾಚೆಯಿಂದ ಅವನು, "ಸೆಕೆಗೆ ಜೀವ ಹೋಗ್ತದೆ. ಆ ಇನ್ವರ್ಟರಿಗೆ ಎಂತ ಆಗಿದೆ, ಒಂದ್ಸಲ ಮುಚ್ಚಳ ತೆಗೆದು ನೋಡಿ ಮಾರಾಯ್ರೆ," ಎಂದ. ದೇವು ತೆಗೆದು ನೋಡಿದ. ಒಳಗೆ ಹನಿ ನೀರಿರಲಿಲ್ಲ. ಠಾಣೆಯವರೆಲ್ಲ ಸತ್ತಿತು ಎಂದುಕೊಂಡಿದ್ದ ಬ್ಯಾಟರಿ ನೀರಡಿಸಿ ಬಿದ್ದಿತ್ತು ಅಷ್ಟೆ. ಆಸರಿ ಕೇಳುವವರಿರಲಿಲ್ಲ.

ವೇಷಕ್ಕೆಂದು ದೇವು ಕೊಂಡಿದ್ದ ನೀರಿನ ಕ್ಯಾನು ಮೂಲೆಯಲ್ಲಿ ಹಾಗೆಯೇ ಇತ್ತು. ಭಾಸ್ಕರ ಹೇಳಿದ ಹಾಗೆ ಅವನು ಒಂದೊಂದೇ ಬಾಯಿಗೆ ಸುರಿದ, ಚಾರ್ಜಿಗೆ ಹಾಕಿದ. ಮಧ್ಯಾಹ್ನ ರೂಢಿಯಂತೆ ಕರೆಂಟು ಹೋಯಿತು. ಠಾಣೆಯಲ್ಲಿದ್ದವರೆಲ್ಲ ರೂಢಿಯಂತೆ ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ವರ್ಟರ್ ಕುಂಯ್ ಎಂದಿತು. ಫ್ಯಾನು ಒಮ್ಮೆ ಅನುಮಾನಿಸಿ, ಆಮೇಲೆ ತಿರುಗತೊಡಗಿತು. ಮೇಜಿನ ಮೇಲಿನ ಕಾಗದಗಳು ಹಾರಿದವು. ತಂಗಾಳಿ ಲಾಕಪ್ಪಿನ ತನಕ ಹೋಯಿತು.

ದೇವುವಿಗೆ ಸಂತೋಷ ತಡೆಯಲಾಗಲಿಲ್ಲ. ಅಟೆನ್ಷನ್ನಿನಲ್ಲಿ ನಿಂತು, ಲಾಕಪ್ಪಿನ ಕಡೆ ತಿರುಗಿ, ಪಟ್ಟನೆ ಒಂದು ಸೆಲ್ಯೂಟು ಹೊಡೆದೇಬಿಟ್ಟ. "ಥ್ಯಾಂಕ್ಯೂ ಸರ್."

ಆಮೇಲೆ ಬಾಗಿಲಲ್ಲಿ ನಿಂತಿದ್ದ ಮೇಡಂ ಕಣ್ಣಿಗೆ ಬಿದ್ದರು. ಅವನ ಕೈ ಹಣೆಯಲ್ಲೇ ಉಳಿಯಿತು.

ಸರಳಿನ ಹಿಂದೆ ಭಾಸ್ಕರ ಗಾಳಿಗೆ ಮುಖವೊಡ್ಡಿ, ಕಣ್ಣು ಮುಚ್ಚಿಕೊಂಡೇ, "ಇರ್ಲಿ ದೇವು, ಕೂತ್ಕೋ," ಎಂದ.

ಮೇಡಂ ಒಮ್ಮೆ ಕಳ್ಳನನ್ನು ನೋಡಿದರು, ಒಮ್ಮೆ ತಿರುಗುವ ಫ್ಯಾನನ್ನು ನೋಡಿದರು, ಅದರ ಕೆಳಗಿನ ಖಾಲಿ ಕುರ್ಚಿಯನ್ನು ನೋಡಿದರು.

"ಕೂತ್ಕೋರಿ ದೇವು," ಎಂದರು. "ಸಾಹೇಬರೇ ಹೇಳಿದ ಮ್ಯಾಲೆ ನಾನೇನು ಹೇಳೋದು."